ಕಿಟಕಿ ತೆಗೆದಿಟ್ಟರೆ ಬೀಡಿ ಹೊಗೆ ಹೋಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ದಾವಣಗೆರೆ. ಚಿಕ್ಕ ಬಾಡಿಗೆ ಮನೆ. ಒಂದು ಹಾಲ್, ಒಂದು ರೂಮ್, ಅಡುಗೆಮನೆ, ಅಷ್ಟೇ. ಮಗಳಿಗೆ ಹತ್ತು ತಿಂಗಳು. ನೆಗಡಿ, ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು ತಪ್ಪಿದ್ದೇ ಇಲ್ಲ. ಎರಡು ಸಲ ನೆಬುಲೈಜರ್ ಇಡಿಸಿದ್ದೇವೆ. ಒಂದು ಸಲ ನ್ಯುಮೋನಿಯಾ ಅಂತ ಅಡ್ಮಿಟ್ ಮಾಡಿದ್ದೆವು. ನಮ್ಮ ಮಾವನವರಿಗೆ 64 ವರ್ಷ, ದಿನಕ್ಕೆ ಒಂದು ಕಟ್ಟು ಬೀಡಿ ಬೇಕು. ಹಾಲ್‌ನ ಕಿಟಕಿ ಪಕ್ಕ ಕೂತು ಟಿವಿ ನೋಡುತ್ತಾ ಸೇದುತ್ತಾರೆ. ನಮ್ಮ ಮನೆಯವರು ದಿನಕ್ಕೆ ಏಳೆಂಟು ಸಿಗರೇಟು ಸೇದುತ್ತಾರೆ. ತಾರಸಿಗೆ ಹೋಗಿ ಸೇದುತ್ತಾರೆ, ಮೊದಲನೆಯದು ಎದ್ದ ತಕ್ಷಣ ಕಾಫಿ ಜೊತೆ. ಮಗುವಿನ ಡಾಕ್ಟರು ‘ಮನೇಲಿ ಯಾರಾದ್ರೂ ಸೇದ್ತಾರಾ’ ಅಂತ ಕೇಳಿದಾಗ ಮಾವ ಪಕ್ಕದಲ್ಲೇ ಇದ್ದರು, ನಾನು ಸುಮ್ಮನಾದೆ. ‘ಕಿಟಕಿ ತೆಗೆದೇ ಇರುತ್ತೆ, ನಮ್ಮಪ್ಪ ಸೇದ್ತಾನೇ 85 ವರ್ಷ ಬದುಕಿದ, ಬೀಡಿ ಬಿಟ್ರೆ ಹೊಟ್ಟೆ ಸಾಫ್ ಆಗಲ್ಲ’ ಅಂತಾರೆ ಮಾವ. ‘ಮಗೂಗೆ ದಿನಾ ಸಾಂಬ್ರಾಣಿ ಹೊಗೆ ಹಾಕ್ತೀವಿ, ಅದಕ್ಕೇನೂ ಆಗಲ್ವಲ್ಲ’ ಅಂತಾರೆ ಅತ್ತೆ. ನಮ್ಮ ಮನೆಯವರು ಎರಡು ಸಲ ಬಿಟ್ಟು ನಾಲ್ಕನೇ ದಿನಕ್ಕೆ ಮತ್ತೆ ಶುರು ಮಾಡಿದರು. ಈಗ ನಿಕೋಟಿನ್ ಗಮ್ ತಗೋತೀನಿ ಅಂತಾರೆ. ಸ್ನೇಹಿತರು ‘ಅದೇ ಇನ್ನೊಂದು ಚಟ ಆಗುತ್ತೆ, ವೇಪ್ (ಇ-ಸಿಗರೇಟು) ತಗೋ’ ಅಂತಾರಂತೆ. ನಾನು ಎದೆಹಾಲು ಕೊಡುತ್ತಿದ್ದೇನೆ, ಆ ಹೊಗೆ ನನಗೂ ಬೀಳುತ್ತದೆ. ಮಾವನ ಎದುರು ನಾನು ಬಾಯಿ ಬಿಡುವ ಹಾಗಿಲ್ಲ. ಏನು ಮಾಡಲಿ? (ಹೆಸರು ಬೇಡ)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಹೆಣೆದುಕೊಂಡಿವೆ. ಮಗುವಿನ ಕೆಮ್ಮಿಗೆ ಈ ಹೊಗೆ ಕಾರಣವಾ? ಕಾರಣವೇ ಆದರೆ ಮನೆಯಲ್ಲಿ ಅದನ್ನು ಹೇಳುವುದು ಹೇಗೆ? ಮೊದಲನೆಯದಕ್ಕೆ ನೇರವಾಗಿ ಉತ್ತರ ಕೊಡಬಹುದು. ಎರಡನೆಯದಕ್ಕೆ ಸ್ವಲ್ಪ ಸುತ್ತಿ ಬರಬೇಕು.

ಮೊದಲು ಮಗುವಿನ ವಿಷಯ. ಹತ್ತು ತಿಂಗಳ ಮಗುವಿಗೆ ನೆಗಡಿ ಬರೋದು ವೈರಸ್‌ನಿಂದ. ಹೊಗೆ ಇಲ್ಲದ ಮನೆಯಲ್ಲೂ ಮಕ್ಕಳಿಗೆ ನೆಗಡಿ ಬರುತ್ತದೆ. ಹೊಗೆ ಮಾಡುವ ಕೆಲಸ ಬೇರೆ. ಶ್ವಾಸನಾಳದ ಒಳಮೈಯಲ್ಲಿ ಸಣ್ಣ ಸಣ್ಣ ರೋಮಗಳಿವೆ. ಕಫವನ್ನು ಮೇಲಕ್ಕೆ ತಳ್ಳಿ ಹೊರಹಾಕುವುದು ಅವುಗಳ ಕೆಲಸ. ಹೊಗೆ ಬಿದ್ದರೆ ಅವು ಮಂದವಾಗುತ್ತವೆ, ನಾಳ ಊದಿಕೊಳ್ಳುತ್ತದೆ, ಕಫ ಅಲ್ಲೇ ನಿಲ್ಲುತ್ತದೆ. ಮಗುವಿನ ನಾಳ ಮೊದಲೇ ಸಣ್ಣದು. ಅದು ಇನ್ನಷ್ಟು ಕಿರಿದಾದಾಗ ಬರುವ ಸದ್ದೇ ನೀವು ಹೇಳಿದ ಗೊರಗೊರ. ವಾರ ಹತ್ತು ದಿನಕ್ಕೆ ತಾನೇ ಹೋಗಬೇಕಾದ ನೆಗಡಿ ಎದೆಗೆ ಇಳಿಯುತ್ತದೆ. ನ್ಯುಮೋನಿಯಾ, ಉಬ್ಬಸ, ಕಿವಿ ಸೋರುವುದು, ಇವೆಲ್ಲ ಹೊಗೆ ಇರುವ ಮನೆಯ ಮಕ್ಕಳಲ್ಲಿ ಜಾಸ್ತಿ. ಇದು ದಶಕಗಳಿಂದ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಕಂಡುಬಂದ ವಿಷಯ. ಚಿಕ್ಕ ಶಿಶುಗಳು ನಿದ್ದೆಯಲ್ಲೇ ಇದ್ದಕ್ಕಿದ್ದಂತೆ ತೀರಿಕೊಳ್ಳುವುದಕ್ಕೂ ಹೊಗೆಗೂ ಸಂಬಂಧ ಇದೆ.

ಇನ್ನೊಂದು ಲೆಕ್ಕ ನೋಡಿ. ಸುಮ್ಮನೆ ಕೂತಿರುವ ದೊಡ್ಡವರು ನಿಮಿಷಕ್ಕೆ ಸುಮಾರು 15 ಸಲ ಉಸಿರಾಡುತ್ತಾರೆ. ನಿಮ್ಮ ಮಗಳು 30ರಿಂದ 40 ಸಲ. ಮೈತೂಕಕ್ಕೆ ಹೋಲಿಸಿದರೆ ಆ ಕೋಣೆಯ ಗಾಳಿಯನ್ನು ಎಲ್ಲರಿಗಿಂತ ಹೆಚ್ಚು ಒಳಗೆ ಎಳೆದುಕೊಳ್ಳುವವಳು ಅವಳೇ. ಎದ್ದು ಆಚೆ ಹೋಗೋಣ ಅಂದರೆ ಅವಳಿಗೆ ನಡೆಯಲು ಬರುವುದಿಲ್ಲ.

ಈಗ ಕಿಟಕಿ. ಮಾವನವರು ಸುಳ್ಳು ಹೇಳುತ್ತಿಲ್ಲ. ಕಿಟಕಿ ಪಕ್ಕ ಕೂತರೆ ಕಣ್ಣಿಗೆ ಕಾಣುವ ಹೊಗೆ ಆಚೆ ಹೋದ ಹಾಗೇ ಕಾಣುತ್ತದೆ. ತೊಂದರೆ ಕೊಡುವುದು ಕಾಣದ ಭಾಗ. ತಂಬಾಕಿನ ಹೊಗೆಯ ಕಣಗಳು ಎಷ್ಟು ಸಣ್ಣವು ಅಂದರೆ, ವಾಸನೆ ಹೋದ ಮೇಲೂ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ. ಕಿಟಕಿಯಿಂದ ಗಾಳಿ ಒಳಗೂ ಬರುತ್ತದಲ್ವಾ? ಬಂದಾಗ ಅದೇ ಹೊಗೆಯನ್ನು ಹಾಲ್ ತುಂಬಾ ಹರಡುತ್ತದೆ. ಫ್ಯಾನ್ ಹಾಕಿದರೆ ರೂಮಿಗೂ ತಲುಪಿಸುತ್ತದೆ. ಫ್ಯಾನ್, ಎಕ್ಸಾಸ್ಟ್, ಏರ್ ಪ್ಯೂರಿಫೈಯರ್ ಯಾವುದೂ ಇದನ್ನು ಪೂರ್ತಿ ತೆಗೆಯುವುದಿಲ್ಲ. ಇಷ್ಟು ಹೊಗೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟವೇ ಇಲ್ಲ ಅಂತ ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಹಿರಿಯ ವೈದ್ಯಾಧಿಕಾರಿ) ವರದಿ 2006ರಲ್ಲೇ ಹೇಳಿತು.

ಬೀಡಿ ಬಗ್ಗೆ ನಮ್ಮಲ್ಲಿ ಒಂದು ನಂಬಿಕೆ ಇದೆ: ಅದು ಎಲೆ, ಕಾಗದ ಅಲ್ಲ, ಅದಕ್ಕೇ ಸಿಗರೇಟಿಗಿಂತ ವಾಸಿ ಅಂತ. ನಿಜ ಉಲ್ಟಾ. ಬೀಡಿ ಎಲೆಯೊಳಗೆ ಗಾಳಿ ಸರಿಯಾಗಿ ಆಡುವುದಿಲ್ಲ, ಎಳೆಯದೇ ಬಿಟ್ಟರೆ ಆರಿಹೋಗುತ್ತದೆ. ಅದಕ್ಕೇ ಸೇದುವವರು ಬಿಡದೆ ದಮ್ಮು ಎಳೆಯುತ್ತಲೇ ಇರುತ್ತಾರೆ. ಒಂದು ಸಿಗರೇಟಿಗೆ ಒಂಬತ್ತು ಹತ್ತು ದಮ್ಮು ಆದರೆ ಬೀಡಿಗೆ ಅದರ ಎರಡು ಮೂರು ಪಟ್ಟು. ಒಳಗಿರುವ ತಂಬಾಕು ಕಡಿಮೆ, ಆದರೆ ಟಾರ್ ಮತ್ತು ಕಾರ್ಬನ್ ಮಾನಾಕ್ಸೈಡ್ ಕಡಿಮೆ ಇಲ್ಲ. ಫಿಲ್ಟರ್ ಅಂತೂ ಇಲ್ಲವೇ ಇಲ್ಲ. ಫಿಲ್ಟರ್ ಇದ್ದ ಸಿಗರೇಟೂ ಪಕ್ಕದಲ್ಲಿ ಇರುವವರಿಗೆ ಏನೂ ಉಪಕಾರ ಮಾಡುವುದಿಲ್ಲ ಅನ್ನಿ. ತುದಿಯಿಂದ ನೇರ ಗಾಳಿಗೆ ಏಳುವ ಹೊಗೆ ಫಿಲ್ಟರ್ ಮೂಲಕ ಹಾದು ಬರುವುದಿಲ್ಲ.

ಪಕ್ಕದವರ ಹೊಗೆಯಿಂದ ನಿಜವಾಗಿ ಕಾಯಿಲೆ ಬರುತ್ತದಾ, ಅಥವಾ ಡಾಕ್ಟರುಗಳು ಸುಮ್ನೆ ಹೆದರಿಸುತ್ತಾರಾ ಅಂತ ಕೇಳುವವರಿದ್ದಾರೆ. 1981ರಲ್ಲಿ ಜಪಾನಿನ ತಕೇಶಿ ಹಿರಾಯಾಮ ಅನ್ನುವ ವಿಜ್ಞಾನಿ 91 ಸಾವಿರಕ್ಕೂ ಹೆಚ್ಚು ಹೆಂಗಸರನ್ನು 14 ವರ್ಷ ಗಮನಿಸಿದ ಲೆಕ್ಕ ಪ್ರಕಟಿಸಿದರು. ಅವರಲ್ಲಿ ಯಾರೂ ಸೇದುವವರಲ್ಲ. ಆದರೂ ಗಂಡ ದಿನಕ್ಕೆ ಒಂದು ಪ್ಯಾಕ್ ಸೇದುತ್ತಿದ್ದರೆ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಸುಮಾರು ಎರಡು ಪಟ್ಟು ಕಂಡಿತು. ತಂಬಾಕು ಕಂಪನಿಗಳು ಅದನ್ನು ಅಲ್ಲಗಳೆಯಲು ಬಹಳ ಕಷ್ಟಪಟ್ಟವು. ಆಮೇಲೆ ಬಂದ ಅಧ್ಯಯನಗಳೆಲ್ಲ ಸೇರಿ, ಮನೆಯಲ್ಲಿ ಹೊಗೆ ಕುಡಿಯುವ ಸೇದದವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ನೂರಕ್ಕೆ 20ರಿಂದ 30ರಷ್ಟು ಜಾಸ್ತಿ, ಹೃದಯದ ಕಾಯಿಲೆಯ ಅಪಾಯ 25ರಿಂದ 30ರಷ್ಟು ಜಾಸ್ತಿ ಅನ್ನುವಲ್ಲಿಗೆ ನಿಂತಿವೆ. ಅಂದರೆ ಇದು ಮಗುವಿಗಷ್ಟೇ ಸಂಬಂಧಿಸಿದ್ದಲ್ಲ. ನಿಮಗೂ, ನಿಮ್ಮ ಅತ್ತೆಯವರಿಗೂ ಸಂಬಂಧಿಸಿದ್ದು. ಅವರು ಎಷ್ಟು ದಶಕದಿಂದ ಆ ಹಾಲ್‌ನಲ್ಲಿ ಕೂತಿದ್ದಾರೋ ಯೋಚಿಸಿ. 2016–17ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಭಾರತದಲ್ಲಿ ನೂರಕ್ಕೆ ಸುಮಾರು 39 ವಯಸ್ಕರು ಮನೆಯಲ್ಲೇ ಈ ಹೊಗೆ ಉಸಿರಾಡುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ ಸೇದಿದರೆ ದಂಡ ಹಾಕುವ ಕಾನೂನು ಇದೆ. ಮನೆಯ ಹಾಲ್‌ಗೆ ಯಾವ ಕಾನೂನೂ ಬರುವುದಿಲ್ಲ.

ಅತ್ತೆಯವರ ಸಾಂಬ್ರಾಣಿ ಮಾತಿಗೆ ಬರುತ್ತೇನೆ. ಅವರ ವಾದದಲ್ಲಿ ಅರ್ಧ ಸರಿ ಇದೆ: ಹೊಗೆ ಅಂದರೆ ಹೊಗೆ. ತಪ್ಪಿರುವುದು ಉಳಿದರ್ಧದಲ್ಲಿ. ಎಣ್ಣೆನೀರು ಹಾಕಿ, ಟವೆಲಿನಲ್ಲಿ ಸುತ್ತಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಆ ಮಗುವನ್ನು ಹೊಗೆಯ ಮೇಲೆ ಹಿಡಿಯುವುದು ನಮ್ಮ ಎಷ್ಟೋ ಮನೆಗಳಲ್ಲಿ ನಡೆದುಬಂದಿದೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಎದೆ ಗೊರಗೊರ ಅನ್ನುವ ಮಗುವಿಗೆ ಅದು ಖಂಡಿತ ಬೇಡ. ತಲೆ ಒಣಗಬೇಕು ಅಂತಿದ್ದರೆ ಒಣ ಬಟ್ಟೆ ಸಾಕು. ಸೊಳ್ಳೆ ಬತ್ತಿಯೂ ಬೇಡ. ಒಂದು ಬತ್ತಿ ಪೂರ್ತಿ ಉರಿದರೆ ಬಿಡುವ ಸಣ್ಣ ಕಣಗಳ ತೂಕ 75ರಿಂದ 137 ಸಿಗರೇಟು ಬಿಡುವಷ್ಟು ಅಂತ ಅಳೆದು ನೋಡಿದ್ದಾರೆ. ಸೊಳ್ಳೆ ಪರದೆ ಕಟ್ಟಿ. ಹೀಗೆ ಮಾಡುವುದರಲ್ಲಿ ಇನ್ನೊಂದು ಅನುಕೂಲವೂ ಇದೆ, ಆಮೇಲೆ ಹೇಳುತ್ತೇನೆ.

ಮನೆಯವರು ತಾರಸಿಗೆ ಹೋಗಿ ಸೇದುವುದು ಒಳಗೆ ಸೇದುವುದಕ್ಕಿಂತ ಎಷ್ಟೋ ವಾಸಿ. ಪೂರ್ತಿ ಸಾಲದು. ಹೊರಗೆ ಸೇದುವ ತಂದೆತಾಯಿಯರ ಮಕ್ಕಳ ಮೂತ್ರದಲ್ಲೂ ನಿಕೋಟಿನ್‌ನ ಗುರುತು, ಸೇದದವರ ಮನೆಯ ಮಕ್ಕಳಿಗಿಂತ ಜಾಸ್ತಿ ಸಿಗುತ್ತದೆ. ಕೊನೆಯ ದಮ್ಮು ಎಳೆದು ಬಿಸಾಕಿದ ಮೇಲೂ ಸ್ವಲ್ಪ ಹೊತ್ತು ಉಸಿರಿನಲ್ಲಿ ಹೊಗೆ ಬರುತ್ತಲೇ ಇರುತ್ತದೆ. ಅಂಗಿ, ಮೀಸೆ, ಬೆರಳಿಗೆ ಅಂಟಿದ್ದು ಬೇರೆ. ಬಿಡುವ ತನಕ ಇಷ್ಟು ಮಾಡಲಿ: ಸೇದಿದ ಮೇಲೆ ಹತ್ತು ನಿಮಿಷ ಮೇಲೇ ಇರಲಿ, ತಾರಸಿಗೆ ಅಂತ ಒಂದು ಅಂಗಿ ಬೇರೆ ಇಟ್ಟುಕೊಳ್ಳಲಿ, ಕೈ ಬಾಯಿ ತೊಳೆದು ಮಗುವನ್ನು ಎತ್ತಿಕೊಳ್ಳಲಿ. ಮಾವನವರಿಗೂ ಇದೇ. ಬಾಗಿಲ ಮುಂದಿನ ಕಟ್ಟೆ ಮೇಲೆ ಕೂತರೆ ಆಗದು, ಅಲ್ಲಿಂದ ಹೊಗೆ ಒಳಗೇ ಬರುತ್ತದೆ. ಬೀದಿ ತುದಿಯ ತನಕ ನಡೆದು ಹೋಗಿ ಬರಲಿ.

ಇನ್ನೊಂದು ಮಾತು. ಯಾರೂ ಅಷ್ಟಾಗಿ ಹೇಳದ ಮಾತು ಇದು. ಹತ್ತು ತಿಂಗಳ ಮಗು ಅಂಬೆಗಾಲಿಡುತ್ತದೆ, ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಕಿಟಕಿ ಕೆಳಗೆ ಬಿದ್ದ ಬೀಡಿ ತುಂಡನ್ನೂ ಹಾಕುತ್ತದೆ. ತುಂಡಿನಲ್ಲಿ ನಿಕೋಟಿನ್ ಇರುತ್ತದೆ. ನುಂಗಿದ ಮಗು ವಾಂತಿ ಮಾಡುತ್ತದೆ, ಬೆವರುತ್ತದೆ, ಜೊಲ್ಲು ಸುರಿಸುತ್ತದೆ, ಮಂಕಾಗುತ್ತದೆ. ಹೆಚ್ಚು ನುಂಗಿದ್ದರೆ ಫಿಟ್ಸ್ ಕೂಡ ಬರಬಹುದು. ಹಾಗಾದರೆ ಮನೆ ಮದ್ದು ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಿಮ್ಮ ಎದೆಹಾಲಿನ ಪ್ರಶ್ನೆ. ಹೊಗೆ ನಿಮ್ಮೊಳಗೆ ಹೋದರೆ ಅಲ್ಪ ಪ್ರಮಾಣದಲ್ಲಿ ನಿಕೋಟಿನ್ ಹಾಲಿಗೂ ಬರುತ್ತದೆ. ಹಾಗಂತ ಹಾಲು ನಿಲ್ಲಿಸಬೇಡಿ. ಮಗುವಿನ ಎದೆಯ ಸೋಂಕಿಗೆ ಎದೆಹಾಲೇ ದೊಡ್ಡ ರಕ್ಷಣೆ. ನ್ಯುಮೋನಿಯಾ ತಡೆಯಲು ಕೊಡುವ ನ್ಯುಮೋಕಾಕಲ್ ಲಸಿಕೆ ಸರ್ಕಾರಿ ಪಟ್ಟಿಯಲ್ಲೇ ಇದೆ, ಒಂಬತ್ತು ತಿಂಗಳ ಡೋಸ್ ಆಗಿದೆಯಾ ಅಂತ ತಾಯಿ ಕಾರ್ಡ್ ತೆಗೆದು ನೋಡಿ. ಫ್ಲೂ ಲಸಿಕೆ ಬಗ್ಗೆ ಮಕ್ಕಳ ಡಾಕ್ಟರನ್ನು ಕೇಳಿ. ಮಗು ಸುಮ್ಮನೆ ಮಲಗಿದ್ದಾಗ ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ಹಾಲು ಕುಡಿಯದೇ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ಇನ್ನು ಬಿಡಿಸುವ ವಿಷಯ. ನನ್ನ ಹತ್ತಿರ ಬರುವ ಮನೆಯವರಲ್ಲಿ ಹೆಚ್ಚಿನವರು ‘ಇವರಿಗೆ ಮನಸ್ಸು ಗಟ್ಟಿ ಇಲ್ಲ ಡಾಕ್ಟ್ರೇ’ ಅಂತಲೇ ಶುರು ಮಾಡುತ್ತಾರೆ. ನಿಮ್ಮ ಮನೆಯವರು ನಾಲ್ಕನೇ ದಿನ ಮತ್ತೆ ಹಚ್ಚಿದರಲ್ಲ, ಅದರಲ್ಲಿ ಮನಸ್ಸಿಗಿಂತ ಮಿದುಳಿನ ಪಾಲು ಜಾಸ್ತಿ. ದಮ್ಮು ಎಳೆದ ಕೆಲವೇ ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಸೇರುತ್ತದೆ. ಎರಡು ಗಂಟೆ ಹೊತ್ತಿಗೆ ರಕ್ತದಲ್ಲಿ ಅರ್ಧ ಇಳಿಯುತ್ತದೆ, ಮಿದುಳು ಮತ್ತೆ ಕೇಳುತ್ತದೆ. ವರ್ಷಗಟ್ಟಲೆ ಹೀಗೆ ಆದಮೇಲೆ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಸಿಟ್ಟು, ಚಡಪಡಿಕೆ, ನಿದ್ದೆಗೇಡು, ಹಸಿವು ಎಲ್ಲ ಒಟ್ಟಿಗೆ ಬರುತ್ತವೆ. ಇವು ಎರಡು ಮೂರನೇ ದಿನ ಜೋರಾಗಿರುತ್ತವೆ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಅವರು ಸೋತದ್ದು ಆ ಜೋರಿನ ಹೊತ್ತಿನಲ್ಲಿ. ಯಾವ ಸಹಾಯವೂ ಇಲ್ಲದೆ ಬಿಡಲು ಹೊರಟವರಲ್ಲಿ ವರ್ಷದ ಕೊನೆಗೆ ಬಿಟ್ಟೇ ಇರುವವರು ನೂರಕ್ಕೆ ಮೂರರಿಂದ ಐದು ಜನ ಮಾತ್ರ. ಔಷಧಿ ಮತ್ತು ಸಲಹೆ ಎರಡೂ ಇದ್ದರೆ ಈ ಸಂಖ್ಯೆ ಎಷ್ಟೋ ಪಟ್ಟು ಏರುತ್ತದೆ. ಬಿಪಿಗೆ, ಶುಗರ್‌ಗೆ ಮಾತ್ರೆ ನುಂಗುವ ನಾವು ಇದಕ್ಕೊಂದಕ್ಕೆ ಮಾತ್ರ ‘ಮನಸ್ಸು ಮಾಡು’ ಅಂತ ಬುದ್ಧಿ ಹೇಳಿ ಕಳಿಸುತ್ತೇವೆ. ನನಗೆ ಇದು ಸರಿ ಕಾಣುವುದಿಲ್ಲ.

ಗಮ್ ಚಟ ಆಗುತ್ತದಾ? ಕೆಲವರು ತಿಂಗಳುಗಟ್ಟಲೆ ಜಗಿಯುವುದುಂಟು, ಸುಳ್ಳಲ್ಲ. ಆದರೆ ಗಮ್‌ನಿಂದ ನಿಕೋಟಿನ್ ನಿಧಾನಕ್ಕೆ, ಕಡಿಮೆ ಪ್ರಮಾಣದಲ್ಲಿ ಬರುತ್ತದೆ. ದಮ್ಮಿನ ಹಾಗೆ ಒಮ್ಮೆಲೇ ಮಿದುಳಿಗೆ ಹೊಡೆಯುವುದಿಲ್ಲ. ಕ್ಯಾನ್ಸರ್ ತರುವ ಹತ್ತಾರು ರಾಸಾಯನಿಕಗಳು ಇರುವುದು ಹೊಗೆಯಲ್ಲಿ. ಚಟ ಹಿಡಿಸುವುದು ನಿಕೋಟಿನ್. ಹೊಗೆ ಬಿಟ್ಟು ಆರು ತಿಂಗಳು ಗಮ್ ಜಗಿದರೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ನನಗೆ ಜಾಸ್ತಿ ಚಿಂತೆ ಅದನ್ನು ತಪ್ಪಾಗಿ ಜಗಿಯುವುದರ ಬಗ್ಗೆ. ಬಬಲ್ ಗಮ್ ಹಾಗೆ ಕಚಕಚ ಜಗಿದು ಜೊಲ್ಲು ನುಂಗಿದರೆ ನಿಕೋಟಿನ್ ಹೊಟ್ಟೆಗೆ ಹೋಗುತ್ತದೆ. ಬಿಕ್ಕಳಿಕೆ, ಎದೆ ಉರಿ ಬರುತ್ತದೆ, ಚಪಲ ಹಾಗೇ ಇರುತ್ತದೆ. ‘ಗಮ್ ಕೆಲಸ ಮಾಡಲ್ಲ’ ಅಂತ ಎರಡೇ ದಿನಕ್ಕೆ ಎಸೆಯುತ್ತಾರೆ. ಸರಿಯಾದ ಕ್ರಮ ಹೀಗಿದೆ. ನಿಧಾನಕ್ಕೆ ನಾಲ್ಕಾರು ಸಲ ಜಗಿಯಬೇಕು. ಬಾಯಲ್ಲಿ ಖಾರ ಅಥವಾ ಚುಮುಚುಮು ಅನಿಸಿದ ಕೂಡಲೇ ನಿಲ್ಲಿಸಿ, ಗಮ್ ಅನ್ನು ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿ ಇಡಬೇಕು. ಖಾರ ಹೋದ ಮೇಲೆ ಮತ್ತೆ ನಾಲ್ಕು ಸಲ ಜಗಿದು, ಇನ್ನೊಂದು ಕೆನ್ನೆಯಲ್ಲಿ ಇಡಬೇಕು. ಅರ್ಧ ಗಂಟೆ ಹೀಗೆ. ಗಮ್ ಹಾಕುವ ಕಾಲು ಗಂಟೆ ಮೊದಲಿಂದ, ಬಾಯಲ್ಲಿ ಇರುವಷ್ಟು ಹೊತ್ತೂ ಕಾಫಿ, ಜ್ಯೂಸ್, ಸೋಡಾ ಕುಡಿಯಬಾರದು. ಬಾಯಿ ಹುಳಿಯಾದರೆ ನಿಕೋಟಿನ್ ಒಳಗೆ ಇಳಿಯುವುದಿಲ್ಲ. ನಿಮ್ಮ ಮನೆಯವರ ಮೊದಲ ಸಿಗರೇಟೇ ಕಾಫಿ ಜೊತೆ, ಹಾಗಾಗಿ ಅವರಿಗೆ ಇದು ಮುಖ್ಯ. ಬೆಳಗಿನ ಕಾಫಿ ಮೊದಲು ಕುಡಿದು ಮುಗಿಸಲಿ, ಬಾಯಿ ಮುಕ್ಕಳಿಸಲಿ, ಕಾಲು ಗಂಟೆ ಬಿಟ್ಟು ಗಮ್ ಹಾಕಲಿ. ಸಾಧ್ಯವಾದರೆ ಕಾಫಿ ಕುಡಿಯುವ ಜಾಗವನ್ನೇ ಬದಲಾಯಿಸಲಿ.

ಶಕ್ತಿ ಎಷ್ಟು ಅನ್ನುವುದೂ ಇದೆ. ಎದ್ದ ಅರ್ಧ ಗಂಟೆಯೊಳಗೆ ಸಿಗರೇಟು ಬೇಕಾಗುವವರಿಗೆ 2 ಮಿಲಿಗ್ರಾಂ ಗಮ್ ಸಾಮಾನ್ಯವಾಗಿ ಸಾಲದು, 4 ಮಿಲಿಗ್ರಾಂ ಬೇಕು. 2 ಮಿಲಿಗ್ರಾಂದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, 4ಕ್ಕೆ ಡಾಕ್ಟರ ಚೀಟಿ ಬೇಕು. ಮೊದಲ ಆರು ವಾರ ಗಂಟೆ ಎರಡು ಗಂಟೆಗೊಂದು ಹಾಕಿಕೊಳ್ಳಬಹುದು. ಚಪಲ ತಡೆಯಲಾಗದಾಗ ಮಾತ್ರ ಒಂದು ಅಂತ ಜಿಪುಣತನ ಮಾಡುವವರೇ ಹೆಚ್ಚಾಗಿ ಸೋಲುತ್ತಾರೆ. ಇದಕ್ಕಿಂತ ಒಳ್ಳೆಯದು ಪ್ಯಾಚ್ ಮತ್ತು ಗಮ್ ಎರಡನ್ನೂ ಸೇರಿಸುವುದು. ಚರ್ಮಕ್ಕೆ ಅಂಟಿಸುವ ಪ್ಯಾಚ್ ದಿನವಿಡೀ ಒಂದು ಹದದಲ್ಲಿ ನಿಕೋಟಿನ್ ಕೊಡುತ್ತದೆ, ನಡುವೆ ಏಳುವ ಚಪಲಕ್ಕೆ ಗಮ್. ಹತ್ತಕ್ಕಿಂತ ಕಡಿಮೆ ಸೇದುವವರಿಗೆ ಸಾಮಾನ್ಯವಾಗಿ 14 ಮಿಲಿಗ್ರಾಂ ಪ್ಯಾಚಿನಿಂದ ಶುರು. ಚರ್ಮ ತುರಿಸಬಹುದು, ರಾತ್ರಿ ಚಿತ್ರವಿಚಿತ್ರ ಕನಸು ಬೀಳಬಹುದು. ಹಾಗಾದರೆ ಮಲಗುವಾಗ ತೆಗೆದಿಡಬಹುದು. ತೆಗೆದ ಪ್ಯಾಚಿನಲ್ಲೂ ನಿಕೋಟಿನ್ ಉಳಿದಿರುತ್ತದೆ. ಅಂಟಿನ ಭಾಗ ಒಳಗೆ ಬರುವಂತೆ ಮಡಚಿ, ಮಗುವಿನ ಕೈಗೆ ಸಿಗದ ಕಡೆ ಹಾಕಿ.

ಇವಲ್ಲದೆ ಎರಡು ಮಾತ್ರೆಗಳಿವೆ, ಎರಡಕ್ಕೂ ಡಾಕ್ಟರ ಸಲಹೆ ಬೇಕೇ ಬೇಕು. ವರೆನಿಕ್ಲಿನ್ ನಿಕೋಟಿನ್ ಕೂರುವ ಜಾಗದಲ್ಲಿ ತಾನೇ ಕೂತು ಚಪಲ ಇಳಿಸುತ್ತದೆ. ಬಿಡುವ ದಿನಕ್ಕೆ ಒಂದು ವಾರ ಮೊದಲೇ ಶುರು ಮಾಡಿ, ಒಟ್ಟು 12 ವಾರ ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸುವುದು ಇದರ ದೊಡ್ಡ ತೊಂದರೆ, ಊಟದ ನಂತರ ತುಂಬಾ ನೀರು ಕುಡಿದು ನುಂಗಿದರೆ ಕಡಿಮೆ ಆಗುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ ಪ್ರಮಾಣ ಇಳಿಸಬೇಕು. ಬ್ಯುಪ್ರೊಪಿಯಾನ್ ಇನ್ನೊಂದು. ಹಿಂದೆ ಫಿಟ್ಸ್ ಬಂದವರು ಅದನ್ನು ತೆಗೆದುಕೊಳ್ಳಲೇಬಾರದು. ನಿಮ್ಮ ಮನೆಯವರಿಗೆ ನಾನಾದರೆ ಪ್ಯಾಚ್ ಮತ್ತು ಗಮ್ ಮೊದಲು ನೋಡುತ್ತಿದ್ದೆ. ಅದಕ್ಕೆ ಬಗ್ಗದಿದ್ದರೆ ವರೆನಿಕ್ಲಿನ್.

ವೇಪ್ ಬೇಡ. ಹೊರದೇಶಗಳಲ್ಲಿ ಅದರಿಂದ ಸಿಗರೇಟು ಬಿಟ್ಟವರು ಇದ್ದಾರೆ, ಅದು ನಿಜ. ಆದರೆ ಭಾರತದಲ್ಲಿ 2019ರಿಂದ ಅದರ ಮಾರಾಟ, ಆಮದು, ಜಾಹೀರಾತು ಎಲ್ಲಾ ನಿಷೇಧ. ಈಗ ಸಿಗುವುದು ಕಳ್ಳಮಾಲು, ಅದರಲ್ಲಿ ಎಷ್ಟು ನಿಕೋಟಿನ್ ಇದೆ, ಇನ್ನೇನು ಬೆರೆಸಿದ್ದಾರೆ ಹೇಳುವವರಿಲ್ಲ. ಆ ದ್ರವ ಮಗುವಿನ ಬಾಯಿಗೆ ಹೋದರೆ ಪ್ರಾಣಕ್ಕೇ ಸಂಚಕಾರ.

ಬೀಡಿ ಬಿಟ್ಟು ಗುಟ್ಕಾಕ್ಕೆ, ಹೊಗೆಸೊಪ್ಪಿಗೆ ಇಳಿಯುವವರೂ ಇದ್ದಾರೆ. ಮಗುವಿಗೆ ಹೊಗೆ ತಪ್ಪುತ್ತದೆ, ಬಾಯಿಗೆ ಕ್ಯಾನ್ಸರ್ ಕಾಯುತ್ತದೆ. ಬರೀ ಅಡಿಕೆ ಹಾಕಿಕೊಳ್ಳುತ್ತೇನೆ ಅಂದರೂ ಸುರಕ್ಷಿತವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಯುವ ಪಕ್ಕದ ಚನ್ನಗಿರಿ ಕಡೆಯವರಿಗೆ ನನ್ನ ಈ ಮಾತು ಹಿಡಿಸದು, ಗೊತ್ತು.

ಮಾವನವರ ಎರಡು ವಾದ ಬಾಕಿ ಇವೆ. ಅವರ ತಂದೆ ಸೇದುತ್ತಲೇ 85 ಬದುಕಿದ್ದು ನಿಜವೇ ಇರಬೇಕು. ಕಡೆತನಕ ಸೇದುವವರಲ್ಲಿ ಸುಮಾರು ಅರ್ಧದಷ್ಟು ಜನ ಅದರಿಂದಲೇ ಸಾಯುತ್ತಾರೆ. ಅಂದರೆ ಉಳಿದವರು ಬೇರೆ ಕಾರಣಕ್ಕೆ ಸಾಯುತ್ತಾರೆ, ಕೆಲವರು ತುಂಬಾ ದಿನ ಬದುಕುತ್ತಾರೆ. 55ಕ್ಕೆ ಹೋದವರು ಕಟ್ಟೆ ಮೇಲೆ ಕೂತು ತಮ್ಮ ಉದಾಹರಣೆ ಕೊಡಲು ಇರುವುದಿಲ್ಲ ಅಷ್ಟೇ. ‘ಈ ವಯಸ್ಸಲ್ಲಿ ಬಿಟ್ಟು ಏನು’ ಅಂತ ಕೇಳಿದರೆ ಅದಕ್ಕೂ ಉತ್ತರ ಇದೆ. ಬ್ರಿಟನ್ನಿನ ವೈದ್ಯರನ್ನು 50 ವರ್ಷ ಗಮನಿಸಿದ ಅಧ್ಯಯನ 2004ರಲ್ಲಿ ಹೇಳಿದ ಪ್ರಕಾರ, 60ಕ್ಕೆ ಬಿಟ್ಟವರಿಗೂ ಸರಾಸರಿ ಮೂರು ವರ್ಷ ಆಯಸ್ಸು ಉಳಿಯಿತು. 30ಕ್ಕೆ ಬಿಟ್ಟವರಿಗೆ ಹತ್ತು ವರ್ಷ.

ಹೊಟ್ಟೆಯ ವಿಷಯದಲ್ಲಿ ಅವರು ಹೇಳುವುದು ಪೂರ್ತಿ ಸರಿ, ಇದನ್ನು ಅವರಿಗೆ ದಯವಿಟ್ಟು ಹೇಳಿ. ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ. ಬಿಟ್ಟಾಗ ಕೆಲವರಿಗೆ ಮಲಬದ್ಧತೆ ಆಗುತ್ತದೆ. ಡಾಕ್ಟರುಗಳು ಇದನ್ನು ಕೇಳಿ ನಗುವುದರಿಂದಲೇ ಎಷ್ಟೋ ಜನ ಹಿರಿಯರು ಮತ್ತೆ ಬರುವುದಿಲ್ಲ. ಇದು ಕೆಲವು ವಾರದ ಮಾತು. ಬೆಳಿಗ್ಗೆ ಬಿಸಿನೀರು, ಸೊಪ್ಪು, ಬಾಳೆಹಣ್ಣು, ಒಂದು ಸುತ್ತು ನಡಿಗೆ. ಸಾಲದಿದ್ದರೆ ರಾತ್ರಿ ಇಸಬ್ಗೋಲ್. ಮೊದಲ ವಾರಗಳಲ್ಲಿ ಕೆಮ್ಮು ಕೂಡ ಜಾಸ್ತಿ ಆಗಬಹುದು, ಬಾಯಿ ಹುಣ್ಣು ಬರಬಹುದು. ಮಂದವಾಗಿದ್ದ ಶ್ವಾಸನಾಳದ ರೋಮಗಳು ಮತ್ತೆ ಕೆಲಸ ಶುರು ಮಾಡಿ ಹಳೆ ಕಫ ಹೊರಹಾಕುವ ಕೆಮ್ಮು ಅದು. ಮೊದಲೇ ಹೇಳಿಟ್ಟರೆ ಹೆದರಿ ಮತ್ತೆ ಬೀಡಿ ಹಚ್ಚುವುದು ತಪ್ಪುತ್ತದೆ.

‘ಕಡಿಮೆ ಮಾಡ್ತೀನಿ, ಪೂರ್ತಿ ಬಿಡಲ್ಲ’ ಅಂದರೆ? ಬಿಡುವ ಕಡೆಗೆ ಮೆಟ್ಟಿಲಾದರೆ ಸರಿ. ಅಲ್ಲೇ ನಿಂತರೆ ಹೃದಯಕ್ಕೆ ಲಾಭ ಕಡಿಮೆ. ದಿನಕ್ಕೆ ಒಂದೇ ಸಿಗರೇಟು ಸೇದುವವರಿಗೂ, ಇಪ್ಪತ್ತು ಸೇದುವವರ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಹತ್ತಿರಹತ್ತಿರ ಅರ್ಧ ಇರುತ್ತದೆ. ಎಣಿಕೆ ಇಳಿಸಿದವರು ಒಂದೊಂದನ್ನೂ ಇನ್ನಷ್ಟು ಆಳವಾಗಿ ಎಳೆಯುತ್ತಾರೆ ಅನ್ನುವುದೂ ಇದೆ.

ಹೇಳುವುದು ಹೇಗೆ ಅಂತ ಕೇಳಿದ್ದೀರಿ. ನೀವು ಹೇಳಬೇಡಿ. ಇದು ಮಗುವಿನ ಡಾಕ್ಟರ ಬಾಯಿಂದ ಬರಲಿ. ಮುಂದಿನ ಸಲ ಹೋಗುವ ಮೊದಲು ಫೋನಿನಲ್ಲೋ, ಚೀಟಿಯಲ್ಲೋ ‘ಮನೆಯಲ್ಲಿ ಬೀಡಿ ಸೇದುತ್ತಾರೆ, ನೀವೇ ಹೇಳಿ’ ಅಂತ ಅವರಿಗೆ ತಿಳಿಸಿ. ನಮಗೆ ಇಂಥ ಚೀಟಿ ಬರುವುದು ಹೊಸದೇನಲ್ಲ. ಮಾವನವರನ್ನು ಜೊತೆಗೆ ಕರೆದುಕೊಂಡೇ ಹೋಗಿ. ಡಾಕ್ಟರು ‘ಈ ಮಗುವಿನ ಎದೆಗೆ ಯಾವ ಹೊಗೆಯೂ ಆಗಲ್ಲ, ಸಾಂಬ್ರಾಣಿ, ಸೊಳ್ಳೆ ಬತ್ತಿ, ಬೀಡಿ ಎಲ್ಲಾ ಬಂದ್’ ಅಂದರೆ ಅದು ಒಬ್ಬರ ಮೇಲಿನ ದೂರು ಆಗುವುದಿಲ್ಲ. ಅತ್ತೆಯವರದ್ದೂ ಒಂದು ನಿಂತಿತು, ಮಾವನವರದ್ದೂ ಒಂದು ನಿಂತಿತು. ಆಗಲೇ ಹೇಳಿದ ಅನುಕೂಲ ಇದೇ.

ಮಾವನವರಿಗೆ ಬಿಡಲು ಹೇಳಬೇಕಾದವರು ನಿಮ್ಮ ಮನೆಯವರು. ತಾರಸಿ ಮೇಲೆ ಸಿಗರೇಟು ಇರುವ ತನಕ ಅವರಿಗೆ ಆ ಬಾಯಿ ಇಲ್ಲ. ಆದ್ದರಿಂದ ಅವರು ಮೊದಲು ದಿನ ಗೊತ್ತು ಮಾಡಲಿ, ಎರಡು ವಾರದೊಳಗಿನ ಒಂದು ದಿನ. ಮದುವೆ, ಜಾತ್ರೆ, ಕೆಲಸದ ಒತ್ತಡ ಇಲ್ಲದ ವಾರವಾದರೆ ಒಳ್ಳೆಯದು. ಸಾಧ್ಯವಾದರೆ ಅಪ್ಪ ಮಗ ಒಟ್ಟಿಗೆ ಜಿಲ್ಲಾ ಆಸ್ಪತ್ರೆಗೆ ಹೋಗಲಿ. ಅಲ್ಲಿ ತಂಬಾಕು ಬಿಡಿಸುವ ಕೇಂದ್ರ ಎಲ್ಲಿದೆ ಅಂತ ಕೇಳಲಿ. ಹೊರಗೆ ಹೋಗಲು ಸಂಕೋಚವಾದರೆ 1800-11-2356 ಉಚಿತ ಸಹಾಯವಾಣಿಗೆ ಫೋನ್ ಮಾಡಲಿ, ಕನ್ನಡದಲ್ಲೂ ಮಾತಾಡುತ್ತಾರೆ. ಇದೇ ನಂಬರ್ ಪ್ಯಾಕಿನ ಮೇಲೆ ಎಚ್ಚರಿಕೆ ಚಿತ್ರದ ಜೊತೆ ಅಚ್ಚಾಗಿರುತ್ತದೆ. ಅವರ ಕೈಯಲ್ಲಿ ದಿನಾ ಇರುತ್ತದೆ.

ನಮ್ಮ ಕ್ಲಿನಿಕ್‌ನಲ್ಲಿ ಉಸಿರಿನ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಸಣ್ಣ ಯಂತ್ರ ಇದೆ. ಉಸಿರು ಹಿಡಿದು ಊದಬೇಕು. ಸೇದದವರಿಗೆ ಸಾಮಾನ್ಯವಾಗಿ ಆರರೊಳಗೆ ತೋರಿಸುತ್ತದೆ. ದಿನಕ್ಕೊಂದು ಕಟ್ಟು ಬೀಡಿ ಸೇದುವ ಒಬ್ಬ ಹಿರಿಯರು ಊದಿದಾಗ 24 ಬಂತು. ‘ಮಿಷನ್ ಕೆಟ್ಟಿದೆ’ ಅಂದರು. ‘ಒಂದು ದಿನ ಬೀಡಿ ಸೇದದೆ ಇದ್ದು ನಾಳೆ ಇದೇ ಹೊತ್ತಿಗೆ ಬಂದು ಊದಿ, ಕೆಟ್ಟಿದೆಯೋ ಇಲ್ಲವೋ ನೋಡೋಣ’ ಅಂದೆ. ಮರುದಿನ ಬಂದು ಊದಿದರು, 4. ಆ ಯಂತ್ರದ ಪುಟ್ಟ ಪರದೆಯನ್ನು ಕನ್ನಡಕ ಏರಿಸಿ ಎರಡು ಸಲ ನೋಡಿದರು. ನಾನು ಕೊಟ್ಟ ಯಾವ ವಿವರಣೆಗಿಂತಲೂ ಅವರು ನಂಬಿದ್ದು ಅದನ್ನೇ. ರಕ್ತದಿಂದ ಕಾರ್ಬನ್ ಮಾನಾಕ್ಸೈಡ್ ಒಂದೇ ದಿನದಲ್ಲಿ ಇಳಿಯುತ್ತದೆ. ಹಟವಾದಿ ಹಿರಿಯರಿಗೆ ‘ಕ್ಯಾನ್ಸರ್ ಬರುತ್ತೆ’ ಅನ್ನುವುದಕ್ಕಿಂತ ಇದು ಕೆಲಸ ಮಾಡುತ್ತದೆ.

ಮಾವನವರಿಗೆ ಬೆಳಗಿನ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ಊದಿಸಿ ನೋಡುವ ಸ್ಪೈರೋಮೆಟ್ರಿ ಮಾಡಿಸಿ. ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು ಇದ್ದರೆ ಎಕ್ಸ್‌ರೇ ಮತ್ತು ಟಿಬಿಗೆ ಕಫ ಪರೀಕ್ಷೆ ತಡ ಮಾಡಬೇಡಿ. ಸೇದುವವರಿಗೆ ಟಿಬಿ ಅಪಾಯ ಜಾಸ್ತಿ, ಮನೆಯಲ್ಲಿ ಚಿಕ್ಕ ಮಗು ಬೇರೆ ಇದೆ. ಉಬ್ಬಸಕ್ಕೆ ಅಂತ ಡೆರಿಫಿಲಿನ್ ತರಹದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಿಡುವ ಮೊದಲು ಡಾಕ್ಟರಿಗೆ ತಿಳಿಸಿ. ಹೊಗೆ ಇದ್ದಾಗ ಲಿವರ್ ಆ ಔಷಧಿಯನ್ನು ಬೇಗ ಕರಗಿಸುತ್ತದೆ, ಹೊಗೆ ನಿಂತರೆ ಅದೇ ಪ್ರಮಾಣ ರಕ್ತದಲ್ಲಿ ಏರಿ ಎದೆ ಡವಡವ, ವಾಂತಿ ತರಬಹುದು. ಕಾಫಿಯ ಕತೆಯೂ ಇದೇ. ಬಿಟ್ಟ ಮೇಲೆ ಅಷ್ಟೇ ಲೋಟ ಕಾಫಿ ಕುಡಿದರೆ ಮೊದಲಿಗಿಂತ ಜೋರಾಗಿ ಹತ್ತುತ್ತದೆ. ನಿದ್ದೆ ಬರಲಿಲ್ಲ, ಕೈ ನಡುಗಿತು ಅಂತ ಹೇಳುವವರಲ್ಲಿ ಅರ್ಧ ತೊಂದರೆ ಕಾಫಿಯದ್ದೇ. ಇಬ್ಬರೂ ಮೊದಲ ವಾರದಿಂದಲೇ ಕಾಫಿಯನ್ನು ಅರ್ಧಕ್ಕೆ ಇಳಿಸಲಿ.

ನಡುವೆ ಒಂದು ದಿನ ಎಡವಿ ಸೇದಿಬಿಟ್ಟರೆ ಪ್ಯಾಚ್ ಕಿತ್ತು ಎಸೆಯಬೇಕಿಲ್ಲ, ಮರುದಿನದಿಂದ ಮುಂದುವರಿಸಲಿ. ಹೆಚ್ಚಿನವರು ಕೆಲವು ಸಲ ಎಡವಿಯೇ ಬಿಡುತ್ತಾರೆ.

ಕೊನೆಯದಾಗಿ ಮಗುವಿನ ಬಗ್ಗೆ ಒಂದು ಎಚ್ಚರ. ಹೊಗೆ ನಿಂತ ಮೇಲೂ ಅವಳಿಗೆ ನೆಗಡಿ ಬರುತ್ತದೆ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಬರುವುದು ಸಹಜ. ಮೊದಲ ನೆಗಡಿ ಬಂದ ದಿನವೇ ‘ನೋಡಿದ್ಯಾ, ಬೀಡಿ ಬಿಟ್ರೂ ಬಂತು’ ಅನ್ನುವ ಮಾತು ಹಾಲ್‌ನಿಂದ ಬಂದೇ ಬರುತ್ತದೆ. ಅದಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನಿಂದಲೇ ಗುರುತು ಹಾಕುತ್ತಾ ಬನ್ನಿ: ಎದೆಯಲ್ಲಿ ಸದ್ದು ಬಂದ ರಾತ್ರಿಗಳು, ನೆಬುಲೈಜರ್ ಇಟ್ಟ ದಿನಗಳು, ಆಂಟಿಬಯಾಟಿಕ್ ಕೊಟ್ಟ ದಿನಗಳು. ಮೂರು ತಿಂಗಳಾದ ಮೇಲೂ ಆ ಗುರುತುಗಳು ಕಡಿಮೆ ಆಗದಿದ್ದರೆ ಕ್ಯಾಲೆಂಡರನ್ನೇ ಮಕ್ಕಳ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ. ಆಸ್ತಮಾ, ಅಲರ್ಜಿ, ಹಾಲು ಮೇಲೆ ಬರುವುದು, ಬೇರೆ ಏನಾದರೂ ಇದೆಯಾ ಅಂತ ಆಗ ಅವರು ಹುಡುಕುತ್ತಾರೆ.